ಕುಲವೋ ಕಾಲೋ

ಬಳ್ಳಾರಿ ಪಕ್ಕದ ಕೊಳಗಲ್ಲಿನಲ್ಲಿ 967ನೇ ಇಸವಿಯ ಒಂದು ಕಲ್ಲುಶಾಸನ ದೊರೆತಿದೆ. ರಾಷ್ಟ್ರಕೂಟರ ಮುಮ್ಮಡಿ ಕೃಷ್ಣ ತೀರಿಕೊಂಡು ಅವನ ತಮ್ಮ ಖೊಟ್ಟಿಗ ಪಟ್ಟಕ್ಕೆ ಬಂದ ಸಂಗತಿ ಅದರಲ್ಲಿದೆ. ಇಬ್ಬರೂ ಮೂರನೆಯ ಅಮೋಘವರ್ಷನ ಮಕ್ಕಳು. ಅಣ್ಣ 949ರಲ್ಲಿ ತಕ್ಕೋಲದ ಬಯಲಲ್ಲಿ ಚೋಳರ ಸೇನೆಯನ್ನು ಮುರಿದವನು. ತಮ್ಮ ಆಳುತ್ತಿದ್ದಾಗ, 972ರಲ್ಲಿ, ಮಾಳವದ ಪರಮಾರ ಸೀಯಕ ರಾಜಧಾನಿ ಮಾನ್ಯಖೇಟಕ್ಕೇ ನುಗ್ಗಿ ಕೊಳ್ಳೆ ಹೊಡೆದು ಹೋದ. ವಂಶಾವಳಿಯನ್ನಷ್ಟೇ ಓದುವವನಿಗೆ ಈ ಇಬ್ಬರ ನಡುವೆ ವ್ಯತ್ಯಾಸವೇ ಕಾಣದು.

ರಾಜರ ಏಳುಬೀಳಿಗೆ ನೂರೆಂಟು ಕಾರಣ ಇರುತ್ತದೆ, ಅದನ್ನು ಇತಿಹಾಸಕಾರರಿಗೆ ಬಿಡೋಣ. ಕುದುರೆಗಳ ವಿಷಯದಲ್ಲಿ ಮಾತ್ರ, ಕುಲವನ್ನು ಎಷ್ಟು ನಂಬಬಹುದು ಎಂಬ ಪ್ರಶ್ನೆಗೆ ಲೆಕ್ಕ ಹಾಕಿಯೇ ಉತ್ತರ ಹೇಳಬಹುದು. ಬೀಜಕ್ಕೆ ಬಿಡುವ ಗಂಡನ್ನು ಆರಿಸುವಾಗ ಅದರ ಅಪ್ಪ, ತಾತ, ತಾಯಿಯ ಹೆಸರು ನೋಡಬೇಕೋ, ಎದುರಿಗೆ ನಿಂತಿರುವ ಪ್ರಾಣಿಯ ಮೈಕಟ್ಟು ನೋಡಬೇಕೋ? ಕುದುರೆ ಸಾಕುವವರು ಈ ವಿಷಯದಲ್ಲಿ ಎರಡು ಪಂಗಡ. ಹೊಲದ ಎತ್ತು, ಬೀಜದ ಟಗರು ಆರಿಸುವ ನಮ್ಮ ಕಡೆಯ ರೈತರಲ್ಲೂ ಇದೇ ಜಗಳ ಇದೆ. ಒಬ್ಬ ‘ತಾಯಿಯಂತೆ ಮಗಳು, ನೂಲಿನಂತೆ ಸೀರೆ’ ಅನ್ನುತ್ತಾನೆ. ಇನ್ನೊಬ್ಬ ಮಾತೇ ಆಡದೆ ಬಗ್ಗಿ ಗೊರಸು ಎತ್ತಿ ನೋಡುತ್ತಾನೆ.

ಬಳ್ಳಾರಿಯ ಈ ಸೀಮೆಯಷ್ಟು ಕುದುರೆಗೆ ಹಣ ಸುರಿದ ನಾಡು ಕಡಿಮೆ. ಕೊಳಗಲ್ಲಿನಿಂದ ಪಶ್ಚಿಮಕ್ಕೆ ಹೊರಟರೆ ಅರ್ಧ ದಿನವೂ ಬೇಡ, ಹಂಪಿ ಸಿಗುತ್ತದೆ. ಅಲ್ಲಿನ ಮಹಾನವಮಿ ದಿಬ್ಬದ ಗೋಡೆಗಳ ಮೇಲೆ ಸಾಲುಸಾಲು ಕುದುರೆಗಳಿವೆ, ಅವುಗಳನ್ನು ಹಿಡಿದು ನಿಂತ ಪರದೇಶಿ ವರ್ತಕರೂ ಇದ್ದಾರೆ. 1530ರ ದಶಕದಲ್ಲಿ ವಿಜಯನಗರದ ಬಗ್ಗೆ ಬರೆದ ಪೋರ್ಚುಗೀಸ ಕುದುರೆ ವ್ಯಾಪಾರಿ ಫೆರ್ನಾವ್ ನೂನಿಜ್, ಅರಸ ವರ್ಷಕ್ಕೆ 13,000 ಕುದುರೆ ಕೊಳ್ಳುತ್ತಿದ್ದನೆಂದು ಹೇಳುತ್ತಾನೆ. ಹೊರ್ಮುಜ್‌ನಿಂದ ಹಡಗಿನಲ್ಲಿ ಬಂದವುಗಳ ಜೊತೆ ನಾಡ ಕುದುರೆಗಳೂ ಅದರಲ್ಲಿ ಸೇರಿದ್ದವು. ಒಳ್ಳೆಯವು ಅರಸನ ಲಾಯಕ್ಕೆ, ಉಳಿದವು ದಂಡನಾಯಕರಿಗೆ. ಅದಕ್ಕೂ ಮುಂಚೆ ಸಾಳುವ ನರಸಿಂಹನ ಕಾಲದ ಕತೆ ಇನ್ನೂ ಸ್ವಾರಸ್ಯದ್ದು. ಕುದುರೆ ಜೀವಂತ ಬಂದರೂ ಸರಿ, ಸತ್ತು ಬಂದರೂ ಸರಿ, ಸಾವಿರ ಪರ್ದಾವೊ ನಾಣ್ಯಕ್ಕೆ ಮೂರರಂತೆ ಅವನು ಕೊಳ್ಳುತ್ತಿದ್ದನಂತೆ. ಸಮುದ್ರದಲ್ಲಿ ಸತ್ತಿದ್ದರೆ ಅದರ ಬಾಲವೊಂದನ್ನು ತಂದು ತೋರಿಸಿದರೆ ಸಾಕು, ಪೂರ್ತಿ ಬೆಲೆ. ವರ್ತಕ ಇನ್ನೊಂದು ರಾಜ್ಯದ ಕಡೆ ತಿರುಗದಿರಲಿ ಎಂಬುದೇ ಇದರ ಹಿಂದಿನ ಎಣಿಕೆ ಇರಬೇಕು.

ಇಷ್ಟು ದುಡ್ಡು ಹೊರಗೆ ಕಳಿಸುವ ಬದಲು ಇಲ್ಲೇ ಮರಿ ಹಾಕಿಸಬಹುದಿತ್ತಲ್ಲ? ಸುಮಾರು 1290ರ ದಶಕದಲ್ಲಿ ತಮಿಳು ಕರಾವಳಿ ಹಾದು ಹೋದ ಮಾರ್ಕೊ ಪೋಲೊ ಇದಕ್ಕೆ ಒಂದು ಸಾಕ್ಷ್ಯ ಬಿಟ್ಟುಹೋಗಿದ್ದಾನೆ. ಒಳ್ಳೆಯ ಗಂಡಿಗೆ ಒಳ್ಳೆಯ ಹೆಣ್ಣನ್ನೇ ಕೂಡಿಸಿದರೂ ಅಲ್ಲಿ ಹುಟ್ಟುವ ಮರಿ ಕುಳ್ಳಾಗಿ, ಕಾಲು ಸೊಟ್ಟಗಾಗಿ, ಸವಾರಿಗೆ ಬಾರದಂತಾಗುತ್ತದೆ ಎನ್ನುತ್ತಾನೆ. ಅದೇ ಬರಹದಲ್ಲಿ ಇನ್ನೊಂದು ವಿವರವೂ ಇದೆ: ಅಲ್ಲಿಯವರು ಕುದುರೆಗೆ ಬೇಯಿಸಿದ ಅಕ್ಕಿ ಹಾಕುತ್ತಾರೆ, ಮಾಂಸವನ್ನೂ ಬೆರೆಸುತ್ತಾರೆ. ಅವನು ಇವೆರಡನ್ನೂ ಒಂದಕ್ಕೊಂದು ಜೋಡಿಸಲಿಲ್ಲ. ಪಶುವೈದ್ಯರು ಜೋಡಿಸುತ್ತಾರೆ.

ಕುದುರೆಯ ಮೂಳೆಗೆ ಸುಣ್ಣ ಮತ್ತು ರಂಜಕ, ಅಂದರೆ ಕ್ಯಾಲ್ಸಿಯಂ ಮತ್ತು ಫಾಸ್ಫರಸ್, ಎರಡೂ ಬೇಕು. ಆದರೆ ಮೇವಿನಲ್ಲಿ ರಂಜಕ ಸುಣ್ಣವನ್ನು ಮೀರಬಾರದು. ಮೀರಿದರೆ ಕರುಳಿನಲ್ಲಿ ಸುಣ್ಣ ಹೀರಿಕೆಯಾಗುವುದು ತಗ್ಗುತ್ತದೆ, ರಕ್ತದಲ್ಲಿ ಅದರ ಮಟ್ಟ ಕಾಯ್ದುಕೊಳ್ಳಲು ಶರೀರ ತನ್ನ ಮೂಳೆಯನ್ನೇ ಕರಗಿಸಿ ಸುಣ್ಣ ತೆಗೆಯುತ್ತದೆ. ಮೂಳೆ ಟೊಳ್ಳಾಗುತ್ತದೆ, ಮುಖದ ಎಲುಬು ಊದಿಕೊಳ್ಳುತ್ತದೆ, ಬೆಳೆಯುವ ಮರಿಯ ಕಾಲು ಭಾರಕ್ಕೆ ಬಾಗುತ್ತದೆ. ಹಿಂದೆ ಯುರೋಪಿನಲ್ಲಿ ಹಿಟ್ಟಿನ ಗಿರಣಿಯವರ ಕುದುರೆಗಳಿಗೆ ಈ ರೋಗ ಎಷ್ಟು ಸಾಮಾನ್ಯವಾಗಿತ್ತೆಂದರೆ ಗಿರಣಿಯವರ ಹೆಸರಿನಿಂದಲೇ ಅದನ್ನು ಕರೆಯುತ್ತಿದ್ದರು. ಬಿಟ್ಟಿ ಸಿಗುವ ಬೂಸಾ ಅವರ ಕುದುರೆಗಳ ಮೇವು. ಅಕ್ಕಿ ತೌಡು ಇನ್ನೂ ಕೆಟ್ಟದ್ದು. ಅದರಲ್ಲಿ ಸುಣ್ಣಕ್ಕಿಂತ ರಂಜಕ ಹತ್ತು ಪಟ್ಟಿಗೂ ಹೆಚ್ಚು. ತುಂಗಭದ್ರಾ ಕಾಲುವೆ ಬಂದ ಮೇಲೆ ಸಿರುಗುಪ್ಪ ಪೂರ್ತಿ ಭತ್ತದ ನಾಡಾಗಿದೆ, ಗಿರಣಿ ತೌಡಿಗೆ ಬರವಿಲ್ಲ. ಅಲ್ಲಿ ಯಾರಾದರೂ ಒಂದು ಉತ್ತಮ ಜಾತಿಯ ಕುದುರೆ ಮರಿಯನ್ನು ತೌಡಿನ ಮೇಲೇ ಬೆಳೆಸಿದರೆ ಮಾರ್ಕೊ ಪೋಲೊ ಕಂಡ ಸೊಟ್ಟಗಾಲು ಮತ್ತೆ ನೋಡಲು ಸಿಗುತ್ತದೆ. ಎಮ್ಮೆಗೆ ಅದೇ ತೌಡು ಅಷ್ಟು ಕೇಡು ಮಾಡದು.

ಇನ್ನೊಂದು ಕಡೆ, ಜೋಳದ ಕಣಿಕೆ, ಹುರುಳಿ, ಒಣ ಹುಲ್ಲು ತಿಂದು ಬೆಳೆದ ದಖ್ಖನ್ನಿನ ತಟ್ಟುಗಳು ಮರಾಠರ ದಂಡನ್ನು ನೂರಾರು ಹರದಾರಿ ಹೊತ್ತವು. ಭೀಮಾ ತೀರದ ಆ ಭೀಮಥಡಿ ಕುದುರೆಗೆ ಇತ್ತೀಚೆಗೆ ಪ್ರತ್ಯೇಕ ತಳಿಯೆಂದು ಮಾನ್ಯತೆಯೂ ಸಿಕ್ಕಿದೆ. ಬೆಳಗಾವಿ ಕಡೆಯ ಅಲೆಮಾರಿ ಕುರಿಗಾರರ ಸಾಮಾನು ಹೊರುವುದೂ ಇಂಥ ತಟ್ಟುಗಳೇ. ಹಾಗಾಗಿ ‘ಈ ಮಣ್ಣಿನಲ್ಲಿ ಕುದುರೆ ಆಗುವುದಿಲ್ಲ’ ಎಂಬ ಮಾತನ್ನು ನಾನು ಒಪ್ಪುವುದಿಲ್ಲ.

ಕಾಲು ಸೊಟ್ಟ ಇದ್ದ ಮಾತ್ರಕ್ಕೆ ರಕ್ತ ಕೆಟ್ಟದ್ದೆಂದು ಹೇಳಲಾಗದು. ಇದರ ತಿರುಗುಮುರುಗೂ ನಿಜ, ಅದು ಹೆಚ್ಚು ಅಪಾಯದ್ದು. ಮರಿ ಹುಟ್ಟಿದಾಗ ಮಂಡಿ ಒಳಗೆ ಬಾಗಿರುವುದು ಸಾಮಾನ್ಯ, ಬಹಳಷ್ಟು ತಾವಾಗಿ ನೆಟ್ಟಗಾಗುತ್ತವೆ. ಆಗದಿದ್ದರೆ ಗೊರಸನ್ನು ಒಂದು ಪಕ್ಕ ಹೆಚ್ಚು ಕೆತ್ತಿ ತಿದ್ದುತ್ತಾರೆ. ಅದಕ್ಕೂ ಬಗ್ಗದಿದ್ದರೆ ಮೂಳೆ ಬೆಳೆಯುವ ಮೆತ್ತನೆಯ ಪಟ್ಟಿಯ ಒಂದು ಬದಿಗೆ ಸ್ಕ್ರೂ ಹಾಕುತ್ತಾರೆ. ಆ ಬದಿ ಬೆಳೆಯದೆ ನಿಲ್ಲುತ್ತದೆ, ಎದುರು ಬದಿ ಬೆಳೆದು ಕಾಲು ನೇರವಾಗುತ್ತದೆ, ಸ್ಕ್ರೂ ತೆಗೆಯುತ್ತಾರೆ. ಗೆಣ್ಣಿನ ಬಳಿಯದಾದರೆ ಮೊದಲ ಕೆಲವು ತಿಂಗಳಲ್ಲೇ ಮುಗಿಸಬೇಕು, ಮಂಡಿಯದಾದರೆ ಸ್ವಲ್ಪ ತಡವಾದರೂ ನಡೆಯುತ್ತದೆ. ವರ್ಷದ ಮರಿ ಹರಾಜಿಗೆ ಬಂದಾಗ ಗಾಯದ ಗುರುತೂ ಇರದು. ಕೊಳ್ಳುವವನ ಕಣ್ಣಿಗೆ ನೆಟ್ಟಗಿನ ಕಾಲು. ಮರಿಗಳಿಗೆ ದಾಟುವುದು ಮಾತ್ರ ಸೊಟ್ಟಗಾಲಿನ ಜೀನ್. ಓಟಕ್ಕೆ ಮಾತ್ರ ಕೊಳ್ಳುವವನಿಗೆ ಇದರಿಂದ ನಷ್ಟವಿಲ್ಲ. ಬೀಜಕ್ಕೆ ಕೊಳ್ಳುವವನಿಗೆ ಮೋಸ.

ಹಾಗಾದರೆ ಮೈಕಟ್ಟು ಯಾಕಾದರೂ ನೋಡಬೇಕು? ಒಂದು ಮುಂಗಾಲನ್ನು ಹತ್ತಿರದಿಂದ ನೋಡಿದರೆ ತಿಳಿಯುತ್ತದೆ. ಕುದುರೆಯ ತೂಕದಲ್ಲಿ 100ಕ್ಕೆ 60ರಷ್ಟು ಪಾಲು ಮುಂಗಾಲುಗಳ ಮೇಲೆ. ನಾಗಾಲೋಟದಲ್ಲಿ ಒಂದು ಗಳಿಗೆ ಒಂದೇ ಮುಂಗಾಲು ನೆಲದ ಮೇಲಿರುತ್ತದೆ, ಆಗ ಆ ಕಾಲಿನ ಮೇಲೆ ಬೀಳುವ ಭಾರ ಮೈತೂಕದ ಎರಡೂವರೆ ಪಟ್ಟು. 480 ಕಿಲೋ ಕುದುರೆಯಾದರೆ 1,200 ಕಿಲೋ. ಮಂಡಿಯಿಂದ ಕೆಳಗೆ ಈ ಭಾರ ತಡೆಯಲು ಮಾಂಸಖಂಡ ಇಲ್ಲವೇ ಇಲ್ಲ. ಮೂಳೆ, ಅದಕ್ಕೆ ಅಂಟಿದ ನರದಂಥ ಗಟ್ಟಿ ಕಂಡರ, ಗೊರಸು ಅಷ್ಟೆ. ಅದಕ್ಕೇ ನುರಿತವರು ಕುದುರೆಯನ್ನು ಸಮನೆಲದಲ್ಲಿ ನಿಲ್ಲಿಸಿ ಭುಜದ ತುದಿಯಿಂದ ಗಾರೆಯವರ ತೂಗುಗುಂಡು ಬಿಟ್ಟಂತೆ ಒಂದು ಗೆರೆ ಕಲ್ಪಿಸಿಕೊಳ್ಳುತ್ತಾರೆ. ಅದು ಮಂಡಿ, ಗೆಣ್ಣು, ಗೊರಸಿನ ನಟ್ಟನಡುವೆ ಹಾಯಬೇಕು. ಪಕ್ಕದಿಂದ ನೋಡಿದಾಗ ಮಂಡಿ ಹಿಂದಕ್ಕೆ ಬಾಗಿದ್ದರೆ ಬೇಡವೆನ್ನುತ್ತಾರೆ, ದಣಿದಾಗ ಆ ಮಂಡಿಯ ಮುಂಭಾಗದ ಚಿಕ್ಕ ಮೂಳೆಗಳು ಒಂದಕ್ಕೊಂದು ಜಜ್ಜಿ ಚೂರಾಗುತ್ತವೆ. ಗೆಣ್ಣಿನಿಂದ ಗೊರಸಿನವರೆಗಿನ ಭಾಗ ತೀರಾ ಉದ್ದವಿದ್ದರೆ ಮುರಿತದ ಸಂಭವ ಹೆಚ್ಚು. ಇದು 2004ರಲ್ಲಿ ಅಮೆರಿಕದ ಸಂಶೋಧಕರು ಓಟದ ಕುದುರೆಗಳನ್ನು ಮರಿಯಿಂದಲೇ ಅಳೆದು, ಮುಂದೆ ಆದ ಪೆಟ್ಟುಗಳೊಂದಿಗೆ ಹೋಲಿಸಿ ಕಂಡುಕೊಂಡದ್ದು. ಅದೇ ಅಧ್ಯಯನ ಇನ್ನೊಂದು ಅಚ್ಚರಿ ಹೇಳಿತು: ಮುಂದಿನಿಂದ ನೋಡಿದಾಗ ಮಂಡಿ ಕೊಂಚ ಒಳಕ್ಕೆ ಬಾಗಿರುವ ಕುದುರೆಗಳಲ್ಲಿ ಮಂಡಿ ಮುರಿತ ಕಡಿಮೆಯೇ ಇತ್ತು. ಎಷ್ಟೋ ತಲೆಮಾರಿನಿಂದ ದೋಷವೆಂದು ಬೆಲೆ ಇಳಿಸಿದ್ದು ದೋಷವಲ್ಲ. ಕಣ್ಣಿಗೆ ಅಂದ ಕಾಣುವುದಕ್ಕೂ ಬಾಳಿಕೆ ಬರುವುದಕ್ಕೂ ಅಂತರವಿದೆ.

ಅಂದದ ಹುಚ್ಚು ಎಲ್ಲಿಗೆ ಮುಟ್ಟಿಸುತ್ತದೆ ಎಂಬುದಕ್ಕೆ ಅಮೆರಿಕದ ‘ಇಂಪ್ರೆಸಿವ್’ ಎಂಬ ಗಂಡಿನ ಕತೆ ಸಾಕು. 1969ರಲ್ಲಿ ಹುಟ್ಟಿದ ಕ್ವಾರ್ಟರ್ ಹಾರ್ಸ್ ತಳಿಯ ಈ ಕುದುರೆ ಮೈಕಟ್ಟಿನ ಪ್ರದರ್ಶನಗಳಲ್ಲಿ ಎದುರಿಲ್ಲದ ಗೆಲುವು ಕಂಡಿತು. ಕೆತ್ತಿದಂಥ ಮಾಂಸಖಂಡ. ಎಲ್ಲರಿಗೂ ಅದರ ಮರಿಯೇ ಬೇಕಾಯಿತು, ಸಂತತಿ ಸಾವಿರಗಟ್ಟಲೆ ಹಬ್ಬಿತು. ಆಮೇಲೆ ಆ ಮರಿಗಳಲ್ಲಿ ಕೆಲವು ಇದ್ದಕ್ಕಿದ್ದಂತೆ ನಡುಗಿ, ಕುಸಿದು ಬೀಳತೊಡಗಿದವು, ಸತ್ತವೂ ಉಂಟು. 1992ರಲ್ಲಿ ಕಾರಣ ಸಿಕ್ಕಿತು. ಮಾಂಸಕೋಶದೊಳಕ್ಕೆ ಸೋಡಿಯಂ ಬಿಡುವ ಬಾಗಿಲು ಸರಿಯಾಗಿ ಮುಚ್ಚದಂತೆ ಮಾಡುವ ಒಂದೇ ಒಂದು ಜೀನ್ ದೋಷ. ಬಾಗಿಲು ಸೋರುವುದರಿಂದ ಮಾಂಸಖಂಡ ಸುಮ್ಮನಿದ್ದಾಗಲೂ ಮಿಡಿಯುತ್ತಿರುತ್ತದೆ. ಮಿಡಿದು ಮಿಡಿದು ಮೈ ಉಬ್ಬುತ್ತದೆ. ತೀರ್ಪುಗಾರರು ಪದಕ ಕೊಟ್ಟದ್ದು ರೋಗಕ್ಕೆ! 2007ರಿಂದ ಎರಡೂ ಕಡೆಯಿಂದ ಈ ಜೀನ್ ಪಡೆದ ಮರಿಗಳನ್ನು ಆ ತಳಿಯ ಸಂಘ ನೋಂದಾಯಿಸುವುದನ್ನೇ ನಿಲ್ಲಿಸಿತು. ಇಲ್ಲಿ ವಂಶಾವಳಿಯೇ ಕಾಪಾಡಿತು ಎಂಬುದನ್ನು ಮರೆಯಬಾರದು. ಬಿದ್ದ ಕುದುರೆಗಳ ಅಪ್ಪ-ತಾತಂದಿರ ಹೆಸರು ಹಿಂದಕ್ಕೆ ಹುಡುಕುತ್ತ ಹೋದದ್ದರಿಂದಲೇ ಮೂಲ ತಿಳಿದದ್ದು.

ಮೈ ನೋಡಿ ಆರಿಸುವ ಮಾತು ಬಂದಾಗ ಸುಳಿಯ ಮಾತನ್ನೂ ಇಲ್ಲೇ ಹೇಳಿಬಿಡಬೇಕು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೇ ಶತಮಾನದಲ್ಲಿ ಬರೆಸಿದ ‘ಮಾನಸೋಲ್ಲಾಸ’ದಲ್ಲಿ ಕುದುರೆಗಳನ್ನು ಹುಟ್ಟಿದ ದೇಶ, ಬಣ್ಣ, ಮೈಮೇಲಿನ ಸುಳಿ ಇವುಗಳಿಂದ ವಿಂಗಡಿಸಿದ್ದಾರೆ. ನಮ್ಮ ಜಾತ್ರೆಗಳಲ್ಲಿ ಇಂದಿಗೂ ಎತ್ತಿನ ಸುಳಿ ಸರಿಯಿಲ್ಲವೆಂದು ವ್ಯಾಪಾರ ಮುರಿಯುತ್ತದೆ. ಎಲ್ಲವನ್ನೂ ಮೂಢನಂಬಿಕೆ ಎಂದು ತಳ್ಳುವಂತಿಲ್ಲ. ಹಣೆಯ ಸುಳಿ ಕಣ್ಣಿಗಿಂತ ಮೇಲಿರುವ ದನಗಳು ಹಿಡಿದು ಕಟ್ಟಿದಾಗ ಹೆಚ್ಚು ಒದ್ದಾಡುತ್ತವೆಂದು ಪಶುವಿಜ್ಞಾನಿ ಟೆಂಪಲ್ ಗ್ರ್ಯಾಂಡಿನ್ 1995ರಲ್ಲಿ ತೋರಿಸಿದ್ದಾರೆ. ಆದರೆ ಯಜಮಾನನ ಆಯುಸ್ಸಿಗೂ ಸುಳಿಗೂ ಸಂಬಂಧ ಕಟ್ಟುವುದು ಬೆಲೆ ಇಳಿಸುವ ದಲ್ಲಾಳಿಯ ಉಪಾಯ.

ಈಗ ಕುಲದ ಕಡೆ ಬರೋಣ. ಓಟದ ಥರೋಬ್ರೆಡ್ ಕುದುರೆಯಷ್ಟು ಚೊಕ್ಕ ವಂಶಾವಳಿ ಜಗತ್ತಿನ ಹೆಚ್ಚಿನ ಸಾಕುಪ್ರಾಣಿಗಳಿಗೆ ಇಲ್ಲ. ಇಂಗ್ಲೆಂಡಿನಲ್ಲಿ 1791ರಿಂದ ಅದರ ಪುಸ್ತಕ ಇಟ್ಟಿದ್ದಾರೆ. ನಮ್ಮ ದೇಶದ ದಾಖಲೆ ಪುಣೆಯಲ್ಲಿದೆ, ಈಗ ಡಿಎನ್ಎ ಪರೀಕ್ಷೆ ಇಲ್ಲದೆ ಅಪ್ಪನ ಹೆಸರು ಬರೆಯುವುದಿಲ್ಲ. ಜಗತ್ತಿನ ಎಲ್ಲ ಥರೋಬ್ರೆಡ್‌ಗಳ ಗಂಡುಸಾಲು ಬೈಯರ್ಲಿ ಟರ್ಕ್, ಡಾರ್ಲಿ ಅರೇಬಿಯನ್, ಗೊಡಾಲ್ಫಿನ್ ಅರೇಬಿಯನ್ ಎಂಬ ಮೂರೇ ಗಂಡುಗಳಿಗೆ ಹೋಗಿ ಸೇರುತ್ತದೆ. ಅದರಲ್ಲೂ 100ಕ್ಕೆ 95ರಷ್ಟು ಡಾರ್ಲಿಯದು. ಡಬ್ಲಿನ್ನಿನ ಸಂಶೋಧಕರು 2020ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಪರೀಕ್ಷಿಸಿದ ಕುದುರೆಗಳ ಪೈಕಿ 97 ಪ್ರತಿಶತಕ್ಕೆ ನಾರ್ದರ್ನ್ ಡ್ಯಾನ್ಸರ್ ಎಂಬ ಒಂದೇ ಗಂಡು ಪೂರ್ವಜ. ಎಲ್ಲರ ಮನೆಯಲ್ಲೂ ಅದೇ ತಾತ ಇದ್ದಾಗ ತಾತನ ಹೆಸರು ಹೇಳಿ ಹೆಚ್ಚು ಬೆಲೆ ಕೇಳುವುದರಲ್ಲಿ ಅರ್ಥವೇನು? ಅದೂ ಅಲ್ಲದೆ, ಅಪ್ಪನಿಂದ ಬರುವುದು ಅರ್ಧ, ತಾತನಿಂದ ಕಾಲು. ಐದನೇ ತಲೆಮಾರಿನ ಮಹಾಶೂರನಿಂದ ಸರಾಸರಿ 32ರಲ್ಲಿ ಒಂದು ಪಾಲು. ಯಾವ ಪಾಲು ಎಂಬುದನ್ನು ವಂಶಾವಳಿ ಹೇಳುವುದಿಲ್ಲ.

ಒಂದೇ ತಾಯಿಯ ಇಬ್ಬರು ಮಕ್ಕಳನ್ನು ನೋಡಿ. ಮೈ ಚಾರ್ಮರ್ ಎಂಬ ಹೆಣ್ಣು 1974ರಲ್ಲಿ ಹಾಕಿದ ಮರಿಯ ಬಲ ಮುಂಗಾಲು ಹೊರಕ್ಕೆ ತಿರುಗಿತ್ತು. ದೊಡ್ಡ ಹರಾಜಿಗೆ ಅದನ್ನು ಸೇರಿಸಿಕೊಳ್ಳಲಿಲ್ಲ, ಬೇರೆ ಹರಾಜಿನಲ್ಲಿ 17,500 ಡಾಲರಿಗೆ ಹೋಯಿತು. ಅದೇ ಸಿಯಾಟಲ್ ಸ್ಲೂ. 1977ರಲ್ಲಿ ಒಂದೂ ಸೋಲಿಲ್ಲದೆ ಅಮೆರಿಕದ ಮೂರು ಕಿರೀಟವನ್ನೂ ಗೆದ್ದಿತು. ಆಮೇಲೆ ತಾಯಿಯ ಹೆಸರಿಗೆ ಬೆಲೆ ಬಂತು. 1985ರಲ್ಲಿ ಅದೇ ಮೈ ಚಾರ್ಮರ್‌ನ ಇನ್ನೊಂದು ಮರಿ, ನಿಜಿನ್‌ಸ್ಕಿ ಎಂಬ ಗಂಡಿಗೆ ಹುಟ್ಟಿದ್ದು, ವರ್ಷದ ಮರಿಯಾಗಿದ್ದಾಗಲೇ 1 ಕೋಟಿ 31 ಲಕ್ಷ ಡಾಲರಿಗೆ ಮಾರಾಟವಾಯಿತು. ಹೆಸರು ಸಿಯಾಟಲ್ ಡ್ಯಾನ್ಸರ್. ಐರ್ಲೆಂಡಿನಲ್ಲಿ ಎರಡೇ ಪಂದ್ಯ ಗೆದ್ದು ನಿವೃತ್ತಿಯಾಯಿತು. ಕಾಲು ನೋಡಿದವರು ಮೊದಲ ಸಲ ಸೋತರು, ಕುಲ ನೋಡಿದವರು ಎರಡನೇ ಸಲ.

ಭಾರತದಲ್ಲಿ ಇದರ ಉಲ್ಟಾ ಉದಾಹರಣೆ ರಜೀನ್. ನಾರ್ದರ್ನ್ ಡ್ಯಾನ್ಸರ್‌ನ ಮಗ. 1990ರ ಎಪ್ಸಮ್ ಡರ್ಬಿಯಲ್ಲಿ ಗೆಲ್ಲುವ ಕುದುರೆಯೆಂದು ಎಲ್ಲರೂ ಹಣ ಕಟ್ಟಿದ್ದರು, ಹಿಂದಿನ ಸಾಲಿನಲ್ಲಿ ಮುಗಿಸಿತು. ನಮ್ಮ ದೇಶದ ಉಷಾ ಸ್ಟಡ್ ಎಂಬ ಕುದುರೆ ಫಾರಂಗೆ ಬಂದ ಮೇಲೆ ಅದರ ಮರಿಗಳು ಗೆದ್ದ ಪಂದ್ಯಗಳಿಗೆ ಲೆಕ್ಕವಿಲ್ಲ. ಹಾಗೆಂದು ಎಲ್ಲ ಸೋತ ರಾಜಕುಮಾರರೂ ಬೀಜಕ್ಕೆ ಒಳ್ಳೆಯವರೆಂದು ಹೊರಟರೆ ಮನೆ ಹಾಳು.

ಬಿಡಿ ಕತೆಗಳಿಂದ ಎರಡೂ ಪಕ್ಷದವರು ಬೇಕಾದ್ದನ್ನು ಸಾಧಿಸಬಹುದು. ಅದಕ್ಕೇ ತಳಿವಿಜ್ಞಾನಿಗಳು ಅಂಕಿ ಕೇಳುತ್ತಾರೆ. ಕುದುರೆಗಳ ಓಟದ ಸಾಮರ್ಥ್ಯದಲ್ಲಿ ಕಾಣುವ ವ್ಯತ್ಯಾಸದಲ್ಲಿ ಜೀನ್‌ಗಳ ಪಾಲು ಎಷ್ಟು? ಅಳೆಯುವ ರೀತಿಯ ಮೇಲೆ ಉತ್ತರ 10ರಿಂದ 35 ಪ್ರತಿಶತದವರೆಗೆ ಓಲಾಡುತ್ತದೆ. ಅಲಸ್ಟೇರ್ ವಿಲ್ಸನ್ ಮತ್ತು ಆಂಡ್ರ್ಯೂ ರಾಂಬೋ ಎಂಬ ವಿಜ್ಞಾನಿಗಳು 2008ರಲ್ಲಿ ಬ್ರಿಟನ್ನಿನ ಓಟಗಾರ ಕುದುರೆಗಳ ಜೀವಮಾನದ ಗಳಿಕೆ ಲೆಕ್ಕ ಹಾಕಿದಾಗ ಜೀನ್‌ಗಳ ಪಾಲು ಹತ್ತನೇ ಒಂದರಷ್ಟೇ ಬಂತು. ಗಂಡಿಗೆ ಕೊಡುವ ದುಬಾರಿ ಶುಲ್ಕ ಅದರ ಜೀನ್‌ಗಳ ಗುಣವನ್ನು ಸರಿಯಾಗಿ ಸೂಚಿಸುವುದಿಲ್ಲವೆಂದೂ ಗೊತ್ತಾಯಿತು. ಮಿಕ್ಕದ್ದು ತರಬೇತಿ, ಸವಾರ, ಮೇವು, ಅದೃಷ್ಟ.

ನಾವು ನಡುವಿನ 25 ಪ್ರತಿಶತ ಹಿಡಿಯೋಣ. ತಳಿಶಾಸ್ತ್ರದ ಪಠ್ಯದಲ್ಲಿರುವ ಸೂತ್ರಕ್ಕೆ ಹಾಕಿದರೆ, ತಂದೆ-ತಾಯಿಯ ಸಾಧನೆ ಮಾತ್ರ ನೋಡಿ ಒಂದು ಗಂಡಿನ ನಿಜವಾದ ಬೀಜಗುಣವನ್ನು ಊಹಿಸುವ ನಿಖರತೆ ಸುಮಾರು 0.35. ಅದು ಸ್ವತಃ ಓಡಿ ತೋರಿಸಿದ್ದನ್ನು ನೋಡಿದರೆ 0.5. ಅದರ 20 ಮರಿಗಳ ಓಟ ನೋಡಿದರೆ 0.76. ನಿಖರತೆ 1 ಇದ್ದರೆ ಪಕ್ಕಾ ಗೊತ್ತು ಎಂದರ್ಥ. ತಂದೆ-ತಾಯಿಯ ಬಗ್ಗೆ ಸಕಲವೂ ತಿಳಿದಿದ್ದರೂ ವಂಶಾವಳಿಯ ಊಹೆ 0.71ನ್ನು ದಾಟಲಾರದು, ಯಾಕೆಂದರೆ ಯಾವ ಅರ್ಧ ಬಂತೆಂಬುದು ಪ್ರತಿ ಮರಿಗೂ ಹೊಸ ಚೀಟಿ ಎತ್ತಿದಂತೆ. ಇಡೀ ವಾದಕ್ಕೆ ನನ್ನ ಪ್ರಕಾರ ಈ ನಾಲ್ಕು ಅಂಕಿಯೇ ಉತ್ತರ. ಕುಲವೋ ಕಾಲೋ ಎಂದು ಜಗಳವಾಡುವ ಇಬ್ಬರೂ ಮರಿಗಳನ್ನು ನೋಡಿದವನ ಮುಂದೆ ಸೋಲುತ್ತಾರೆ.

ತೊಡಕು ಏನೆಂದರೆ, ಮರಿಗಳು ಓಡಿ ತೋರಿಸುವಷ್ಟರಲ್ಲಿ ಗಂಡಿಗೆ ವಯಸ್ಸಾಗಿರುತ್ತದೆ. ಗರ್ಭ 11 ತಿಂಗಳು, ಓಟದ ಕಣಕ್ಕೆ ಇಳಿಯಲು ಮತ್ತೆ ಎರಡು ವರ್ಷ. ಹೆಣ್ಣಿನದು ಇನ್ನೂ ಕಷ್ಟ. ವರ್ಷಕ್ಕೆ ಒಂದೇ ಮರಿ, ಜೀವಮಾನದಲ್ಲಿ ಹತ್ತು ಹನ್ನೆರಡು. ಥರೋಬ್ರೆಡ್‌ಗಳಲ್ಲಿ ಕೃತಕ ಗರ್ಭಧಾರಣೆಗೂ ಅನುಮತಿ ಇಲ್ಲ. ಹಾಗಾಗಿ ಹೆಣ್ಣು ಆರಿಸುವಾಗ ಕುಲ ಮತ್ತು ಮೈಕಟ್ಟು ಎರಡನ್ನೇ ನೆಚ್ಚಬೇಕು, ಬೇರೆ ದಾರಿ ಇಲ್ಲ. ಡಬ್ಲಿನ್ನಿನ ಎಮೆಲೀನ್ ಹಿಲ್ 2010ರಲ್ಲಿ ಗುರುತಿಸಿದ ಮಯೋಸ್ಟಾಟಿನ್ ಜೀನ್ ಪರೀಕ್ಷೆಯಿಂದ ಮರಿ ಗಿಡ್ಡ ದೂರದ ಓಟಕ್ಕೋ, ಉದ್ದ ದೂರಕ್ಕೋ ಎಂದು ಒಂದಷ್ಟು ಮೊದಲೇ ತಿಳಿಯಬಹುದು. ಗೆಲ್ಲುತ್ತದೋ ಇಲ್ಲವೋ ಎಂಬುದನ್ನು ಅದು ಹೇಳದು.

ಕರ್ನಾಟಕದಲ್ಲಿ ಈ ಲೆಕ್ಕವೆಲ್ಲ ನೆಲಕ್ಕಿಳಿದದ್ದು ಕುಣಿಗಲ್‌ನಲ್ಲಿ. ಹೈದರ್-ಟಿಪ್ಪು ಕಾಲದ್ದೆಂದು ಹೇಳುವ ಆ ಕುದುರೆ ಫಾರಂ, ಆಮೇಲೆ ಮೈಸೂರು ಸಂಸ್ಥಾನದ ಸಿಲ್ಹೇದಾರ್ ದಂಡಿಗೆ, ಅಂದರೆ ಸ್ವಂತ ಕುದುರೆಯೊಂದಿಗೆ ಚಾಕರಿ ಮಾಡುವ ಸವಾರರಿಗೆ, ಕುದುರೆ ಒದಗಿಸಿತು, 20ನೇ ಶತಮಾನದಲ್ಲಿ ಓಟದ ಕುದುರೆಗೆ ತಿರುಗಿತು. 1990ರ ದಶಕದಲ್ಲಿ ಯು.ಬಿ. ಸಮೂಹಕ್ಕೆ ಗುತ್ತಿಗೆಗೆ ಹೋದ ಮೇಲೆ ಅಲ್ಲಿಗೆ ಬಂದ ಪ್ಲೇಸರ್‌ವಿಲ್ ಎಂಬ ಗಂಡಿಗೆ ಕುಲ, ಸಾಧನೆ ಎರಡೂ ಇತ್ತು: ಅಪ್ಪ ಮಿಸ್ಟರ್ ಪ್ರಾಸ್ಪೆಕ್ಟರ್, ತನ್ನದೇ ಸಾಧನೆಯಾಗಿ 1993ರ ಪ್ರಿನ್ಸ್ ಆಫ್ ವೇಲ್ಸ್ ಸ್ಟೇಕ್ಸ್ ಗೆಲುವು. ದಂಡಿನ ಕಾಲಕ್ಕೂ ಓಟದ ಕಾಲಕ್ಕೂ ಒಂದು ದೊಡ್ಡ ವ್ಯತ್ಯಾಸವಿದೆ. ಸಿಲ್ಹೇದಾರನ ಕುದುರೆ ಕಾಲು ಕೆಟ್ಟರೆ ಅವನ ಹೊಟ್ಟೆಪಾಡೇ ಹೋಗುತ್ತಿತ್ತು, ಕುಂಟುವ ಕುದುರೆಯ ಮರಿಗೆ ಗಿರಾಕಿ ಇರಲಿಲ್ಲ. ಓಟದ ಕುದುರೆ ಮೂರು ವರ್ಷ ವಯಸ್ಸಿನಲ್ಲಿ ಒಂದು ಡರ್ಬಿ ಗೆದ್ದು ಮಂಡಿ ಮುರಿದುಕೊಂಡರೂ ಮರುವರ್ಷ ಬೀಜಕ್ಕೆ ನಿಲ್ಲುತ್ತದೆ. ವಂಶಾವಳಿಯಲ್ಲಿ ಗೆಲುವು ದಪ್ಪಕ್ಷರದಲ್ಲಿ ಅಚ್ಚಾಗುತ್ತದೆ, ಮುರಿದ ಮಂಡಿ ಅಚ್ಚಾಗುವುದಿಲ್ಲ.

ಆದ್ದರಿಂದ ನನ್ನ ತೀರ್ಮಾನ ಹೀಗೆ. ಯಾವ ಕುದುರೆಗಳನ್ನು ನೋಡಲು ಹೋಗಬೇಕೆಂಬುದನ್ನು ಕುಲ ಹೇಳಲಿ. ನೋಡಿದವುಗಳಲ್ಲಿ ಯಾವುದನ್ನು ಬಿಟ್ಟು ಬರಬೇಕೆಂಬುದನ್ನು ಕಾಲು ಹೇಳಲಿ. ಹಿಂದಕ್ಕೆ ಬಾಗಿದ ಮಂಡಿ ಅಪ್ಪನಲ್ಲೂ ಇದ್ದು ಮಗನಲ್ಲೂ ಇದ್ದರೆ ಎಂಥ ಹೆಸರಿನದಾದರೂ ಬೇಡ. ಮಗನಲ್ಲಿ ಮಾತ್ರ ಇದ್ದರೆ ಮೊದಲು ಮೇವಿನ ಕತೆ ಕೇಳಿ. ಬೀಜದ ಟಗರು, ಹೋರಿ ಆರಿಸುವ ಕುರುಗೋಡು, ಸಿರುಗುಪ್ಪದ ರೈತರಿಗೂ ಇದು ಅನ್ವಯಿಸುತ್ತದೆ. ಮಾರುವವನು ಅಪ್ಪನ ಹೆಸರು ತಾನಾಗಿಯೇ ಹೇಳುತ್ತಾನೆ, ಮೈಕಟ್ಟು ನಿಮಗೇ ಕಾಣುತ್ತದೆ. ಇದಕ್ಕೆ ಹುಟ್ಟಿದ ಮರಿಗಳು ಎಷ್ಟು, ಅವು ಈಗ ಎಲ್ಲಿವೆ, ಎಷ್ಟು ಕುಂಟುತ್ತಿವೆ ಎಂದು ನೀವು ಕೇಳಿ, ಹೋಗಿ ನೋಡಿ ಬಂದು ಆಮೇಲೆ ದುಡ್ಡು ಎಣಿಸಿ.